ಮಾಡಿನ ಮೇಲಿನ ಬೆಳೆ

“ಗದ್ದೆ ಬೇಸಾಯ ಬಿಟ್ಟು ಎಂಟು ವರ್ಷ ಆಯ್ತು. ಈಗ ನೋಡಿದರೆ ಮಾಡಿನ ಮೇಲೇ ಬೆಳೆ ಎದ್ದಿದೆ. ಕೊಯ್ಲು ಯಾವಾಗ್ರೀ?” ಎಂದು ನನ್ನಾಕೆ ಕೇಳಿದ್ದು ಶ್ರಾವಣದ ಒಂದು ಬೆಳಿಗ್ಗೆ, ಎರಡನೇ ಲೋಟ ಕಾಫಿ ಕೈಗೆ ಕೊಡುವ ಮೊದಲು. ಎರಡನೇ ಲೋಟಕ್ಕೆ ಮೊದಲು ಬರುವ ಪ್ರಶ್ನೆಗೆ ಹೂಂಗುಟ್ಟಿದರೆ ಸಾಲದು, ಎದ್ದು ಹೋಗಿ ನೋಡಲೇಬೇಕು ಎಂಬುದು ಮೂವತ್ತೈದು ವರ್ಷದ ಸಂಸಾರದಲ್ಲಿ ನಾನು ಕಲಿತ ಪಾಠ. ಅಂಗಳಕ್ಕೆ ಹಾಸಿದ ಅಡಿಕೆ ದಬ್ಬೆಗಳ ಮೇಲೆ ಜೋಪಾನವಾಗಿ ಹೆಜ್ಜೆಯಿಡುತ್ತ ಹೋಗಿ ಬಡಗು ಮಾಡಿನ ಕಡೆ ಕತ್ತೆತ್ತಿದೆ. ನಿಜ. ಹೆಂಚಿನ ಕೆಂಪು ಎಲ್ಲೂ ಕಾಣುತ್ತಿರಲಿಲ್ಲ. ಹದಿನೈದು ದಿನದ ಸಸಿಮಡಿಯ ಹಾಗೆ ಹಸಿರು ತುಂಬಿಕೊಂಡು, ನಡುನಡುವೆ ಒಂದೊಂದು ಜರೀಗಿಡವೂ ಎದ್ದು, ಬೆಳೆ ಸೊಗಸಾಗಿಯೇ ಬಂದಿತ್ತು. ಗದ್ದೆಯಲ್ಲಿ ನಾನು ಇಷ್ಟು ಚೆನ್ನಾಗಿ ಬೆಳೆದದ್ದಿಲ್ಲ.

ನಮ್ಮ ಮನೆಯ ಪಾಚಿ ನೂರು ವರ್ಷದಿಂದ ಅಲ್ಲೇ ಇದೆ. ಆ ಬೆಳಿಗ್ಗೆ ಅದು ಇದ್ದಕ್ಕಿದ್ದಂತೆ ಕಣ್ಣಿಗೆ ಬಿದ್ದದ್ದಕ್ಕೆ ಕಾರಣ ಬೇರೆ. ಹಿಂದಿನ ದಿನ ನನ್ನಾಕೆ ತೋಟದಾಚೆಯ ಬಾವನ ಮನೆಗೆ ಹೋಗಿದ್ದಳು. ಬಾವ ಆ ಬೇಸಿಗೆಯಲ್ಲಿ ಮಾಡು ತೊಳೆಸಿದ್ದರು. ಈ ಸಾಗರ ಸೀಮೆಯಲ್ಲಿ ಮೊದಲೆಲ್ಲ ನೆಂಟರ ಮನೆಗೆ ಹೋಗಿ ಬಂದ ಹೆಂಗಸರು ಸರದ ಬಗ್ಗೆ ಮಾತಾಡುತ್ತಿದ್ದರು. ಈಗ ಹೆಂಚಿನ ಹೊಳಪಿನ ಬಗ್ಗೆ ಮಾತಾಡುತ್ತಾರೆ. ಖರ್ಚಿನ ಲೆಕ್ಕದಲ್ಲಿ ಇದು ಪ್ರಗತಿಯೇ.

ಕನ್ನಡದಲ್ಲಿ ಪಾಚಿಯ ಗ್ರಹಚಾರವೇ ಸರಿಯಿಲ್ಲ. ಕೆರೆಯ ಮೇಲೆ ತೇಲುವುದೂ ಪಾಚಿ, ಬಾವಿಕಟ್ಟೆಯಲ್ಲಿ ಕಾಲು ಜಾರಿಸುವುದೂ ಪಾಚಿ, ಪಾಗಾರದ ಮೇಲಿನದೂ ಪಾಚಿ, ಕೊನೆಗೆ ಹಲ್ಲುಜ್ಜದವನ ಹಲ್ಲಿಗೆ ಕಟ್ಟುವುದೂ ಪಾಚಿಯೇ. ಶಾಲೆ ಪುಸ್ತಕದವರು ಕೆರೆಯದನ್ನು ಶೈವಲವೆಂದೂ ಗೋಡೆಯದನ್ನು ಹಾವಸೆಯೆಂದೂ ಬೇರೆಬೇರೆ ಪಂಕ್ತಿಯಲ್ಲಿ ಕೂರಿಸಿದ್ದಾರೆ. ಆದರೆ ಪರೀಕ್ಷೆ ಮುಗಿದ ಮೇಲೆ ಆ ಪಂಕ್ತಿಭೇದವನ್ನು ಯಾರೂ ಪಾಲಿಸುವುದಿಲ್ಲ. ಇದರ ನಷ್ಟ ಮಾಡಿನ ಮೇಲಿನ ಬಡಪಾಯಿಗೆ. ಹಲ್ಲಿನ ಪಾಚಿ ಕಂಡಾಗ ಆಗುವ ಹೇಸಿಗೆಯನ್ನೇ ಜನ ಹೆಂಚಿನ ಪಾಚಿಗೂ ತೋರಿಸುತ್ತಾರೆ. ಮಾಡು ಹಸಿರಾಗಿದ್ದರೆ ಯಜಮಾನ ಮುಖ ತೊಳೆಯುವುದಿಲ್ಲ ಎಂಬಂತೆ ನೋಡುತ್ತಾರೆ.

ಪಕ್ಕದಲ್ಲೇ ಹೆಂಚಿನ ಮೇಲೆ ಬೂದು ಬಣ್ಣದ ನಾಣ್ಯಗಳಂತೆ ಅಂಟಿಕೊಂಡ ಕಲೆಗಳೂ ಇರುತ್ತವೆ. ಅವು ಪಾಚಿಯೂ ಅಲ್ಲ, ಕಲೆಯೂ ಅಲ್ಲ; ಕಲ್ಲುಹೂವಿನ ಬಳಗ. ಒಂದು ಶಿಲೀಂಧ್ರ ಒಂದು ಶೈವಲವನ್ನು ಮನೆಗೆ ಕರೆತಂದು ಮಾಡಿದ ಸಂಸಾರ ಅದು. ಅದರ ದಾಯಾದಿಯನ್ನು ಪೇಟೆಯ ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದು ಪಲಾವಿಗೆ ಹಾಕುತ್ತೇವೆ. ಮಾಡಿನ ಮೇಲೆ ಪುಕ್ಕಟೆ ಬಂದದ್ದನ್ನು ಉಜ್ಜಿ ತೆಗೆಯಲು ಮತ್ತೆ ದುಡ್ಡು ಕೊಡುತ್ತೇವೆ.

ನನ್ನ ಅಜ್ಜಿಯ ಕಾಲಕ್ಕೆ ಈ ಚರ್ಚೆಯೇ ಇರಲಿಲ್ಲ. ಆಗ ಸೋಗೆ ಮನೆ. ಪ್ರತಿ ಬೇಸಿಗೆಯಲ್ಲಿ ಹಳೆ ಸೋಗೆ ಇಳಿಸಿ ಹೊಸದು ಹೊದೆಸಬೇಕು. ಕೇರಿಯವರೆಲ್ಲ ಸರದಿಯಲ್ಲಿ ಒಬ್ಬರ ಮನೆಗೊಬ್ಬರು ಬರುತ್ತಿದ್ದರು, ಮಧ್ಯಾಹ್ನಕ್ಕೆ ಪಾಯಸದ ಊಟ. ಮಾಡು ವರ್ಷಕ್ಕೊಮ್ಮೆ ಹೊಸದಾಗುತ್ತಿದ್ದ ಮನೆಯಲ್ಲಿ ಪಾಚಿಗೆ ಬೇರೂರುವ ವ್ಯವಧಾನವೇ ಸಿಗುತ್ತಿರಲಿಲ್ಲ. ಬೇರೂರುವ ಎಂದೆ, ತಪ್ಪು. ಪಾಚಿಗೆ ಬೇರೇ ಇಲ್ಲ. ಅದಕ್ಕಿರುವುದು ಹಿಡಿದುಕೊಳ್ಳಲು ಒಂದಿಷ್ಟು ನೂಲಿನಂಥ ಎಳೆಗಳು ಮಾತ್ರ. ನೀರನ್ನು ಅದು ಮೈಯೆಲ್ಲ ಬಾಯಾಗಿ ಎಲೆಯಿಂದಲೇ ಕುಡಿಯುತ್ತದೆ. ಹೆಂಚನ್ನು ತಿನ್ನುವುದಿಲ್ಲ, ಕೊರೆಯುವುದಿಲ್ಲ. ಜಗುಲಿಯಲ್ಲಿ ಬಂದು ಕೂತ ನೆಂಟನ ಹಾಗೆ ಕೂರಲು ಜಾಗ ಕೇಳುತ್ತದೆ ಅಷ್ಟೆ. ಜಗುಲಿಯಲ್ಲಿ ಕೂತ ನೆಂಟರು ಎದ್ದು ಹೋಗುವುದು ಯಾವಾಗ ಎಂಬುದು ಬೇರೆ ಪ್ರಶ್ನೆ.

ಹೆಂಚು ಬಂದದ್ದು ಘಟ್ಟದ ಕೆಳಗಿನಿಂದ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನ ಜಾರ್ಜ್ ಪ್ಲೆಬ್‌ಸ್ಟ್ ಹೆಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣು, ಯುರೋಪಿನ ಅಚ್ಚು, ನಮ್ಮವರ ಬೆವರು. ಅದೇ ಮಿಶನ್ ಮುಂದೆ 1894ರಲ್ಲಿ ಕಿಟ್ಟೆಲರ ನಿಘಂಟನ್ನೂ ಅಚ್ಚುಹಾಕಿತು. ಹೀಗೆ ಕನ್ನಡಿಗನ ತಲೆಯೊಳಕ್ಕೂ ತಲೆಯ ಮೇಲಕ್ಕೂ ಬೇಕಾದದ್ದನ್ನು ಒಂದೇ ಕಡೆಯವರು ಒದಗಿಸಿದರು. ನಿಘಂಟು ನಮ್ಮ ಮನೆಗೆ ಬರಲಿಲ್ಲ, ಹೆಂಚು ಬಂತು. ಎತ್ತಿನ ಗಾಡಿಯಲ್ಲಿ ಹುಲ್ಲಿನ ನಡುವೆ ಜೋಡಿಸಿ ಘಟ್ಟ ಹತ್ತಿಸಿದರಂತೆ. ಹೆಂಚಿನ ಒಳಮೈ ಮೇಲೆ ಕಾರ್ಖಾನೆಯ ಹೆಸರು ಉಬ್ಬಿಕೊಂಡಿರುತ್ತದೆ. ನಾನು ಇಂಗ್ಲಿಷ್ ಅಕ್ಷರ ಕಲಿತದ್ದು ಅಟ್ಟದ ಮೇಲೆ ಅಂಗಾತ ಮಲಗಿ, ಅದನ್ನು ಓದುತ್ತ. ಒಂದೇ ಪಾಠ ಮೂರು ಸಾವಿರದ ಇನ್ನೂರು ಸಲ.

ಈ ಹೆಂಚಿನ ಜಾಣತನ ಇರುವುದು ಅದರ ಅಂಚಿನಲ್ಲಿ. ಒಂದರ ಗೀರಿಗೆ ಇನ್ನೊಂದರ ಏಣು ಕೂರುತ್ತದೆ. ಮೊಳೆಯಿಲ್ಲ, ಗಾರೆಯಿಲ್ಲ, ರೀಪಿನ ಮೇಲೆ ತನ್ನ ಎರಡು ಎರಡೂವರೆ ಕಿಲೋ ತೂಕದಲ್ಲೇ ಕೂತಿರುತ್ತದೆ. ಆದರೆ ಒಂದು ಕಾರ್ಖಾನೆಯ ಹೆಂಚು ಇನ್ನೊಂದು ಕಾರ್ಖಾನೆಯದಕ್ಕೆ ಕೂಡಿಬರುವುದಿಲ್ಲ. ಜಾತಕ ಕೂಡಿಸುವವರಾದರೂ ಒಂದೆರಡು ಗುಣ ಕಡಿಮೆಯಿದ್ದರೆ ದಕ್ಷಿಣೆ ನೋಡಿ ಹೊಂದಿಸುತ್ತಾರೆ. ಹೆಂಚು ಹೊಂದುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಂಡಿರಿ, ಕೊನೆಯಲ್ಲಿ ನಿಮ್ಮ ಹತ್ತಿರ ಕೆಲಸವಿದೆ.

ಈಗ ಬಾವನ ಮನೆಗೆ ಬರೋಣ. ಪೇಟೆಯಿಂದ ನಾಲ್ಕು ಹುಡುಗರು ಒಂದು ಪಂಪು, ಒಂದು ನೀರಿನ ಬಂದೂಕು ತಂದಿದ್ದರು. ಚದರಡಿಗೆ 14 ರೂಪಾಯಿ. ಸಂಜೆಯೊಳಗೆ ನೂರು ವರ್ಷದ ಹಸಿರು ಅಂಗಳಕ್ಕೆ ಹರಿದು ಬಂತು. ಮಾಡು, ಮದುವೆಯ ಮುನ್ನಾದಿನ ಕ್ಷೌರ ಮಾಡಿಸಿಕೊಂಡ ಮದುಮಗನ ಹಾಗೆ, ಎಳೆಗೆಂಪಾಗಿ ಸ್ವಲ್ಪ ಪೆಚ್ಚಾಗಿ ಕೂತಿತ್ತು. ಬಾವ ಊರಿಗೆಲ್ಲ ಫೋಟೋ ಕಳಿಸಿದರು. ಜೂನ್ ಮೊದಲ ವಾರ ಮಳೆ ಹಿಡಿಯಿತು. ಆ ರಾತ್ರಿ ಬಾವನ ಮನೆಯಲ್ಲಿ 17 ಕಡೆ ಸೋರಿತು. ಚೆರಿಗೆ, ತಪ್ಪಲೆ, ಬೋಗುಣಿ, ಕೊನೆಗೆ ದೇವರ ಪೂಜೆಯ ತಂಬಿಗೆಯವರೆಗೆ ಎಲ್ಲ ಪಾತ್ರೆಯೂ ನೆಲಕ್ಕಿಳಿದು, ಬೆಳಗಿನವರೆಗೆ ಒಂದೊಂದು ಒಂದೊಂದು ಸ್ವರದಲ್ಲಿ ಜಲತರಂಗ. ಅಕ್ಕ ನನಗೆ ಫೋನು ಮಾಡಿ, “ತಮ್ಮಾ, ಇವರಿಗೆ ಸಂಗೀತದ ಹುಚ್ಚು ಹಿಡಿದಿದೆ, ನೀನಾದರೂ ಬಂದು ಕೇಳು” ಎಂದಳು.

ಹೋಗಿ ನೋಡಿದರೆ ಕಾರಣ ಸ್ಪಷ್ಟವಾಗಿತ್ತು. ಹೆಂಚು ಮಾಡಿದವರು ನೀರು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ ಎಂಬ ನಂಬಿಕೆಯ ಮೇಲೆ ಅದನ್ನು ಮಾಡಿದ್ದಾರೆ. ಕೆಳಗಿನಿಂದ ಮೇಲಕ್ಕೆ ಬಂದೂಕಿನಲ್ಲಿ ಹೊಡೆಯುವವರು ಬರುತ್ತಾರೆಂದು ಅವರಿಗೆ ಹೊಳೆದಿರಲಿಲ್ಲ. ನೀರಿನ ರಭಸಕ್ಕೆ ಅಲ್ಲಲ್ಲಿ ಹೆಂಚು ಗೀರಿನಿಂದ ಜರುಗಿತ್ತು. ಇನ್ನು ಹೆಂಚನ್ನು ಸುಟ್ಟಾಗ ಮೇಲ್ಮೈ ಸ್ವಲ್ಪ ಗಟ್ಟಿಯಾಗಿ ನಯವಾಗಿರುತ್ತದೆ. ಅದು ಸುಲಿದು ಹೋಗಿ ಒಳಗಿನ ಒರಟು ಬಯಲಾಗಿತ್ತು. ಒಳ್ಳೆಯ ಹೆಂಚು ಕೂಡ ನೆನೆಹಾಕಿದರೆ ತನ್ನ ತೂಕದ ಐದರಲ್ಲೊಂದು ಪಾಲಿನವರೆಗೆ ನೀರು ಕುಡಿಯಬಲ್ಲದು. ಚರ್ಮ ಸುಲಿಸಿಕೊಂಡದ್ದು ಬಿಡುತ್ತದೆಯೆ? ಎಲ್ಲಕ್ಕಿಂತ ತಮಾಷೆಯೆಂದರೆ ಕೂದಲೆಳೆಯಷ್ಟು ಬಿರುಕು ಬಿಟ್ಟ ಎಷ್ಟೋ ಹೆಂಚುಗಳಲ್ಲಿ ಆ ಬಿರುಕು ಮುಚ್ಚಿಕೊಂಡು ಕೂತಿದ್ದದ್ದು ಪಾಚಿಯೇ. ಸೋರುವುದನ್ನು ತಡೆದಿದ್ದ ಬಡಪಾಯಿಯನ್ನು ಚದರಡಿಗೆ 14 ರೂಪಾಯಿ ಕೊಟ್ಟು ಓಡಿಸಿದಂತಾಗಿತ್ತು. ಒರಟಾದ ಹೆಂಚಿನ ಮೇಲೆ ಅದು ಎರಡರಷ್ಟು ಬೇಗ ಮರಳಿ ಬರುತ್ತದೆಂದು ನಾನು ಹೇಳಿದೆ. ಬಾವ ಮಾತಾಡಲಿಲ್ಲ. ಆ ಹುಡುಗರು ಮುಂದಿನ ವರ್ಷ ಕೆಂಪು ಬಣ್ಣ ಹೊಡೆಯಲು ಈಗಲೇ ಮುಂಗಡ ಕೇಳಿದ್ದಾರೆಂದು ಆಮೇಲೆ ಅಕ್ಕನಿಂದ ತಿಳಿಯಿತು.

ಬಾವನನ್ನು ನೋಡಿ ನಗುವ ಯೋಗ್ಯತೆ ನನಗಿಲ್ಲ. ನಾನು ಮಾಡಿದ್ದು ಇನ್ನೂ ಘನಂದಾರಿ ಕೆಲಸ.

ನಾಲ್ಕು ವರ್ಷದ ಹಿಂದೆ, ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ದಿನ. ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಮರದಿಂದಿಳಿದ, ಡ್ರಮ್ಮಿನಲ್ಲಿ ಅರ್ಧ ಬೋರ್ಡೋ ಮಿಶ್ರಣ ಉಳಿದಿತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅಡಿಕೆ ಕೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಿ ಬೆಳೆ ಉಳಿಸಿಕೊಳ್ಳುತ್ತಿದ್ದ ಮಲೆನಾಡಿಗರಿಗೆ ಈ ತಿಳಿನೀಲಿ ನೀರೇ ಅಮೃತ. ಇದರ ಹುಟ್ಟಿನ ಕಥೆಯೇ ಚೆಂದ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯಬಾರದೆಂದು ತೋಟದವರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಸುಣ್ಣ ಎರಚುತ್ತಿದ್ದರು. ನೋಡಿದರೆ ವಿಷವೆನಿಸಬೇಕು, ಅಷ್ಟೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬಾರದ್ದನ್ನು ಮಿಲಾರ್ಡೆ ಎಂಬ ಪ್ರೊಫೆಸರು ಗಮನಿಸಿ 1885ರಲ್ಲಿ ಜಗತ್ತಿಗೆ ತಿಳಿಸಿದರು. ನಮ್ಮಲ್ಲಿ ಅಡಿಕೆಯ ಕೊಳೆಗೂ ಇದೇ ಮದ್ದೆಂದು ತೋರಿಸಿದವರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಮೊದಲಿಗರು. ಕಳ್ಳರನ್ನು ಹೆದರಿಸಲು ಹುಟ್ಟಿದ್ದು ಕೊಳೆ ಓಡಿಸಿತು. ಅಂದ ಮೇಲೆ ಪಾಚಿ ಯಾವ ಲೆಕ್ಕ ಎಂದು ನನಗೆ ಹೊಳೆಯಿತು. ಕೊನೆಗೌಡನಿಗೆ ಹೇಳಿದೆ. ಅವನು ನನ್ನನ್ನೊಮ್ಮೆ, ಮಾಡನ್ನೊಮ್ಮೆ ನೋಡಿ, “ಹಂಚಿಗೂ ಕೊಳೆ ಬಂದಿದ್ಯಾ ಅಯ್ಯಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊಡೆದ.

ತಾಮ್ರದ ಕೆಲಸದಲ್ಲಿ ಮೋಸವಿಲ್ಲ. ಮೂರು ವಾರದಲ್ಲಿ ಪಾಚಿ ಕಂದಿ ಕಾಫಿಪುಡಿಯ ಬಣ್ಣಕ್ಕೆ ಬಂತು. ಮಾಡಿನ ತುಂಬ ನೀಲಿ ಬಿಳಿ ಸುಣ್ಣದ ಗೆರೆಗಳು ಬೇರೆ. ದೂರದಿಂದ ನೋಡಿದವರು ನಮ್ಮ ಮನೆಗೆ ಹಕ್ಕಿಜ್ವರ ಬಂದಿದೆಯೇ ಎಂದರು. ಮಳೆನೀರಿನ ಪೀಪಾಯಿಯಿಂದ ಹೂಗಿಡಗಳಿಗೆ ನೀರು ಹಾಕುತ್ತಿದ್ದ ನನ್ನಾಕೆ, ಆ ನೀರನ್ನು ತಾನೂ ಮುಟ್ಟುವುದಿಲ್ಲ, ಗಿಡಕ್ಕೂ ಮುಟ್ಟಿಸುವುದಿಲ್ಲ ಎಂದು ಪೀಪಾಯಿಯನ್ನು ಮಗುಚಿಟ್ಟಳು. ಅಲ್ಲಿಗೆ ಮುಗಿಯಲಿಲ್ಲ. ಬದುಕಿದ್ದ ಪಾಚಿ ತನ್ನ ಜಾಗದಲ್ಲಿ ತಾನಿತ್ತು. ಸತ್ತ ಪಾಚಿ ಜಾರತೊಡಗಿತು. ಜಾರಿದ್ದೆಲ್ಲ ಎರಡು ಮಾಡು ಕೂಡುವ ಮೂಲೆಯ ತಗಡಿನ ದೋಣಿಯಲ್ಲಿ ಬಂದು ಕೂತಿತು. ಆಶ್ಲೇಷ ಮಳೆಯ ಒಂದು ರಾತ್ರಿ ಆ ದೋಣಿ ಕಟ್ಟಿಕೊಂಡು ನೀರು ನೇರವಾಗಿ ದೇವರ ಕೋಣೆಗೆ ಇಳಿಯಿತು. ಬಾವನ ಮನೆಯಲ್ಲಿ 17 ಕಡೆ ಹನಿ. ನಮ್ಮಲ್ಲಿ ಒಂದೇ ಕಡೆ, ಆದರೆ ಅಖಂಡ ಅಭಿಷೇಕ. ಎರಡು ಮಳೆಗಾಲ ಕಳೆಯುವುದರೊಳಗೆ ತಾಮ್ರ ತೊಳೆದುಹೋಗಿ ಪಾಚಿ ಮರಳಿತು.

ಹೀಗಿರುವಾಗ ಅಮೆರಿಕದ ರೆಡ್‌ಮಂಡ್‌ನಿಂದ ಅಣ್ಣನ ಮಗನ ಕರೆ. ಸಿಯಾಟಲ್ ಪಕ್ಕದ ಊರದು. ಕಂಪ್ಯೂಟರ್ ಕೆಲಸದ ಕನ್ನಡಿಗರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಷ್ಟು ಸಲೀಸಾಗಿ ಸಿಗುತ್ತಾರಂತೆ. ನಮಗೆ ರಾತ್ರಿ ಎಂಟೂವರೆ, ಅವನಿಗೆ ಬೆಳಿಗ್ಗೆ ಎಂಟು.

“ಚಿಕ್ಕಪ್ಪ, ನಿಮ್ಮಲ್ಲಿ ಪಾಚಿಗೆ ಏನ್ ಮಾಡ್ತೀರಿ?”

ನಾನು ಗಾಬರಿಯಾದೆ. ಬೋರ್ಡೋದ ಸುದ್ದಿ ಅಲ್ಲಿಯವರೆಗೂ ಹೋಯಿತೇ? ಅದಲ್ಲ. ಅವನ ಬಡಾವಣೆಯ ಮನೆ ಮಾಲೀಕರ ಸಂಘದಿಂದ ಪತ್ರ ಬಂದಿತ್ತು. ನಿಮ್ಮ ಛಾವಣಿಯ ಮೇಲೆ ಪಾಚಿ ಇದೆ, ಇಂತಿಷ್ಟು ದಿನದೊಳಗೆ ತೆಗೆಸತಕ್ಕದ್ದು. ನಮ್ಮಲ್ಲಿ ಪಂಚಾಯ್ತಿಯವರು ಕಂದಾಯದ ನೋಟಿಸನ್ನೇ ಇಷ್ಟು ಮರ್ಯಾದೆಯಿಂದ ಕಳಿಸುವುದಿಲ್ಲ.

“ನಿಮ್ಮಲ್ಲಿ ಮಳೆ ಎಷ್ಟೋ?” ಎಂದೆ.

“ಜಾಸ್ತಿ ಚಿಕ್ಕಪ್ಪ. ವರ್ಷಕ್ಕೆ ಹೆಚ್ಚುಕಮ್ಮಿ ಸಾವಿರ ಮಿಲಿಮೀಟರ್.”

ನಾನು ನಗಬಾರದೆಂದುಕೊಂಡೂ ನಕ್ಕುಬಿಟ್ಟೆ. ನಮ್ಮ ಜಿಲ್ಲೆಯ ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಿಗೆ ಅದರ ಎರಡರಷ್ಟು ಸುರಿಯುವುದುಂಟು. ವರ್ಷದ ಲೆಕ್ಕ ಏಳು ಸಾವಿರ ದಾಟುತ್ತದೆ. ಆದರೆ ಪಾಚಿಗೆ ಸುರಿಯುವ ಮಳೆ ಬೇಕಿಲ್ಲ, ಆರದ ಒದ್ದೆ ಸಾಕು. ಅಲ್ಲಿ ಚಳಿಗಾಲವಿಡೀ ಜಿಟಿಜಿಟಿ, ಬಿಸಿಲಿಗೆ ರಜೆ. ಅವನ ಛಾವಣಿಯೋ, ಡಾಂಬರಿನ ಹಾಳೆಗೆ ಸಣ್ಣ ಹರಳು ಅಂಟಿಸಿದ ತುಂಡುಗಳು. ಅದರ ಕೆಳಗೆ ಪ್ಲೈವುಡ್. ತುಂಡಿನ ಅಂಚಿನಡಿ ಪಾಚಿ ನುಗ್ಗಿ ಎತ್ತಿದರೆ ನೀರು ಮರಕ್ಕೆ ಇಳಿಯುತ್ತದೆ, ಇಳಿದದ್ದು ಆರುವುದಿಲ್ಲ, ಮರ ಕೊಳೆಯುತ್ತದೆ. ಹಿಮಗಟ್ಟುವ ರಾತ್ರಿಗಳಿರುವ ಊರುಗಳಲ್ಲಿ ಇನ್ನೊಂದು ಕಷ್ಟ. ನೀರು ಮಂಜುಗಡ್ಡೆಯಾಗುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಒದ್ದೆ ಹೆಂಚಿನೊಳಗೆ ಅದು ಹಿಗ್ಗಿದರೆ ಹೆಂಚು ಪದರ ಪದರವಾಗಿ ಏಳುತ್ತದೆ. ಅಂಥ ಕಡೆ ಪಾಚಿ ತೆಗೆಸಬೇಕು, ಮಾತಿಲ್ಲ. “ತೆಗೆಸಪ್ಪಾ, ಆದರೆ ನೀರಿನ ಬಂದೂಕಿನವರನ್ನು ಮಾತ್ರ ಕರೀಬೇಡ” ಎಂದೆ. ಕರೆದರೆ ಹರಳೆಲ್ಲ ಉದುರಿ ಛಾವಣಿಯ ಆಯುಷ್ಯವೇ ಮುಗಿಯುತ್ತದೆಂದು ಅವನಿಗೂ ಗೊತ್ತಿತ್ತು. ಅಲ್ಲಿನವರು ಒಣಗಿದಾಗ ಮೆತ್ತಗೆ ಗುಡಿಸಿ, ನೆತ್ತಿಯ ಉದ್ದಕ್ಕೂ ಸತುವಿನ ಪಟ್ಟಿ ಹೊಡೆಯುತ್ತಾರೆ. ಮಳೆ ಬಂದಾಗಲೆಲ್ಲ ಸತು ಚೂರುಚೂರೇ ಕರಗಿ ಇಳಿದು ಪಾಚಿಯನ್ನು ದೂರವಿಡುತ್ತದೆ. ಒಟ್ಟು ಖರ್ಚು ಕೇಳಿದೆ. ಅವನು ಹೇಳಿದ್ದನ್ನು ರೂಪಾಯಿಗೆ ಗುಣಿಸಿದಾಗ ನಮ್ಮ ಕೊಟ್ಟಿಗೆ ಕಟ್ಟಿಸಿದ ಮೊತ್ತ ಬಂತು, ಎರಡು ಎಮ್ಮೆ ಸಹಿತ.

ಫೋನಿಡುವ ಮೊದಲು, “ನಮ್ಮನೆ ಮಾಡು ತೋರಿಸಿ ಚಿಕ್ಕಪ್ಪ” ಎಂದ. ಬ್ಯಾಟರಿ ಬಿಟ್ಟು ತೋರಿಸಿದೆ. ಹುಡುಗ ಒಂದು ಕ್ಷಣ ಸುಮ್ಮನಿದ್ದು, “ಎಷ್ಟು ಚಂದ! ದಯವಿಟ್ಟು ಅದನ್ನ ತೆಗೆಸಬೇಡಿ” ಎಂದ. ತನ್ನ ಮನೆಯದನ್ನು ಎರಡು ಎಮ್ಮೆಯ ಬೆಲೆ ಕೊಟ್ಟು ಕೆರೆಸುವವನು!

ಮಾರನೆಯ ದಿನ ತೋಟದ ದಿಬ್ಬ ಹತ್ತಿ ನಿಂತು ಮಾಡನ್ನು ಪೂರ್ತಿ ನೋಡಿದೆ. ಇಷ್ಟು ವರ್ಷ ಅದರಡಿಯಲ್ಲಿದ್ದೂ ಮೇಲಿನಿಂದ ನೋಡಿದವನಲ್ಲ. ಬಡಗು ಮಾಡು ಹೆಚ್ಚು ಹಸಿರು, ಅದು ಸಹಜ. ಮಳೆಗಾಲ ಕಳೆಯುತ್ತಿದ್ದಂತೆ ಸೂರ್ಯ ತೆಂಕಲಿಗೆ ಸರಿದು ಆ ಕಡೆಗೆ ಬೆನ್ನು ಹಾಕುತ್ತಾನೆ. ಹಲಸಿನ ಮರದ ನೆರಳಿನಲ್ಲೂ ಹಸಿರು, ಅದೂ ಸಹಜ. ಆದರೆ ಬಡಗಲಲ್ಲೇ ಒಂದು ತುಂಡು ಕೆಂಪಗಿತ್ತು. ಅದರಡಿ ಬಚ್ಚಲುಮನೆಯ ಹಂಡೆಯ ಒಲೆ. ಇನ್ನೊಂದು ತುಂಡು, ಅಡುಗೆಮನೆ ಮೇಲಿನದು, ಅರ್ಧ ಕೆಂಪು ಅರ್ಧ ಹಸಿರು. ಗ್ಯಾಸು ಬಂದ ಮೇಲೆ ಕಟ್ಟಿಗೆ ಒಲೆ ಹಚ್ಚುವುದು ಹಬ್ಬಕ್ಕೆ, ಹಪ್ಪಳದ ಹಿಟ್ಟು ಬೇಯಿಸುವುದಕ್ಕೆ ಮಾತ್ರ. ಹೊಗೆ ಹೆಂಚಿನ ಸಂದಿಯಿಂದ ನುಸುಳಿ ರೀಪು ಪಕಾಸುಗಳನ್ನು ಒಣಗಿಸಿ, ಹುಳ ಓಡಿಸಿ, ಹೆಂಚಿನ ಬೆನ್ನನ್ನೂ ಬೆಚ್ಚಗಿಡುತ್ತಿತ್ತು. ಅತಿ ದಟ್ಟ ಹಸಿರು ಪಡುವಣ ಮೂಲೆಯಲ್ಲಿ. ಅದು ಅಣ್ಣನ ಕೋಣೆ. ಹನ್ನೊಂದು ವರ್ಷದಿಂದ ಅದರ ಕಿಟಕಿ ತೆರೆದದ್ದಿಲ್ಲ. ಅತ್ತ ದಿಬ್ಬದ ಮೇಲೆ ನಿಂತರೆ ಯಾವ ಕೋಣೆಯಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಎಂಬುದು ಪಟ್ಟಿ ಬರೆದಂತೆ ಕಾಣುತ್ತಿತ್ತು. ಹುಡುಗ ರಾತ್ರಿ ಚಂದ ಎಂದದ್ದು ಅವನಪ್ಪನ ಕೋಣೆಯನ್ನೇ. ಅದನ್ನು ಅವನಿಗೆ ನಾನು ಹೇಳಲಿಲ್ಲ.

ಅಲ್ಲೊಂದು ಸಿಳ್ಳೆಹಕ್ಕಿ, ಅದೇ ಬೆಳಗಿನ ಜಾವ ಪಾಠ ಬಾರದ ಹುಡುಗನಂತೆ ಎಲ್ಲೆಲ್ಲೋ ತಪ್ಪುತ್ತ ಹಾಡುವ ನೀಲಿ ಹಕ್ಕಿ, ಪಾಚಿಯ ಒಂದು ತುಣುಕು ಕಿತ್ತುಕೊಂಡು ಹಳ್ಳದ ಕಡೆ ಹಾರಿತು. ಅದರ ಗೂಡಿಗೆ ಪಾಚಿಯೇ ಹಾಸಿಗೆ. ಕಣ್ಣಿಗೆ ಕಾಣದ ಒಕ್ಕಲುಗಳೂ ಅಲ್ಲಿವೆ. ಪಾಚಿಯ ಎಲೆಯ ಮೇಲಿನ ನೀರಿನ ಪೊರೆಯಲ್ಲಿ ಎಂಟು ಕಾಲಿನ ನೀರುಕರಡಿಗಳು ಇರುತ್ತವೆ. 1773ರಲ್ಲಿ ಒಬ್ಬ ಜರ್ಮನ್ ಪಾದ್ರಿ ಅವನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಆ ಹೆಸರಿಟ್ಟ. ಒಣಗಿದರೆ ಮುದುಡಿ ಗುಂಡಾಗಿ ವರ್ಷಗಟ್ಟಲೆ ಬಿದ್ದಿರುತ್ತವೆ, ನೀರು ಬಿದ್ದರೆ ಎದ್ದು ನಡೆಯುತ್ತವೆ. 2007ರಲ್ಲಿ ಅವನ್ನು ರಾಕೆಟ್ಟಿನಲ್ಲಿ ಕಳಿಸಿ ಬಾಹ್ಯಾಕಾಶದ ಬಯಲಿನಲ್ಲಿಟ್ಟರೂ ಕೆಲವು ಬದುಕಿ ಬಂದವು. ಇದನ್ನು ನನ್ನಾಕೆಗೆ ಹೇಳಿದೆ. “ಅಲ್ಲಿಗೆ ಹೋಗಿ ಬಂದವಕ್ಕೆ ನಮ್ಮ ಮಾಡೇ ಬೇಕಿತ್ತಾ?” ಎಂದಳು. ನ್ಯಾಯವಾದ ಪ್ರಶ್ನೆ.

ಪಾಚಿಯ ಪರ ವಕೀಲಿಕೆ ಇಷ್ಟಾದ ಮೇಲೆ ಎದುರಿನವರ ವಾದವನ್ನೂ ಹೇಳಬೇಕು. ಹೆಂಚಿನ ಬೆನ್ನ ಮೇಲೆ ಕೂತ ಪಾಚಿಯ ಮೇಲೆ ನನಗೆ ದೂರಿಲ್ಲ. ಗೀರಿನೊಳಗೆ ತುಂಬಿದ್ದು ಬೇರೆ. ಅದು ನೀರನ್ನು, ಬತ್ತಿ ಎಣ್ಣೆ ಎಳೆದ ಹಾಗೆ, ಒಳಕ್ಕೆಳೆದು ರೀಪಿಗೆ ಮುಟ್ಟಿಸುತ್ತದೆ. ರೀಪು ಲಡ್ಡಾಗುತ್ತದೆ, ಗೆದ್ದಲಿಗೆ ಆಮಂತ್ರಣ ಹೋಗುತ್ತದೆ. ಇನ್ನು ದೋಣಿಯಲ್ಲಿ ಪಾಚಿ, ಎಲೆ, ಧೂಳು ಸೇರಿ ಒಂದು ಹಿಡಿ ಮಣ್ಣಾದರೆ ಸಾಕು, ಹಕ್ಕಿ ಹಿಕ್ಕೆಯಿಂದ ಅಶ್ವತ್ಥದ ಬೀಜ ಬೀಳುತ್ತದೆ. ಪಾಚಿಗೆ ಬೇರಿಲ್ಲ, ಅಶ್ವತ್ಥಕ್ಕೆ ಬೇರು ಬಿಟ್ಟರೆ ಬೇರೇನೂ ಇಲ್ಲ. ಗೋಡೆಯನ್ನೇ ಸೀಳುತ್ತದೆ. ನಮ್ಮ ಮನೆಯಲ್ಲಿ ಅದನ್ನು ಕೀಳುವ ಮೊದಲು ಕೈಮುಗಿಯಬೇಕೆಂಬ ನಿಯಮವಿದೆ. ಏಣಿಯ ಮೇಲೆ ನಿಂತು ಎರಡೂ ಕೈ ಬಿಟ್ಟು ಮುಗಿಯುವುದು ಹೇಗೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ಇದಕ್ಕೆಲ್ಲ ಹಿಂದಿನವರ ಹತ್ತಿರ ಒಂದು ಕೆಲಸವಿತ್ತು. ಹೆಂಚು ಕೈಯಾಡಿಸುವುದು. ಮೇ ತಿಂಗಳಲ್ಲಿ, ಅಡ್ಡಮಳೆಗೆ ಮೊದಲು, ಮಾಡು ಹತ್ತಿ ಒಂದೊಂದೇ ಹೆಂಚು ಎತ್ತಿ, ಬೆರಳಿನಿಂದ ತಟ್ಟಿ, ಠಣ್ ಎಂದದ್ದನ್ನು ಇಟ್ಟು ದಬ್ ಎಂದದ್ದನ್ನು ಬದಲಿಸಿ, ಗೀರು ಗುಡಿಸಿ ಮತ್ತೆ ಕೂರಿಸುವುದು. ಅಪ್ಪ ಇರುವವರೆಗೆ ಇದು ತಪ್ಪಿರಲಿಲ್ಲ. ಆಮೇಲೆ ಹತ್ತುವವರು ಬೆಂಗಳೂರಿಗೆ ಹೋದರು, ರೆಡ್‌ಮಂಡ್‌ಗೆ ಹೋದರು. ಉಳಿದ ನನಗೆ ಸೊಂಟನೋವು. ಮಾಡಿನ ಮೇಲೆ ಮನುಷ್ಯನ ಕೈ ಬಿದ್ದು ಎಷ್ಟೋ ವರ್ಷವಾದ ಮೇಲೆ ಅಲ್ಲಿ ಹಸಿರು ಬಂದಿದೆಯೆಂದು ಪಾಚಿಯ ಮೇಲೆ ಹರಿಹಾಯುವುದು, ಬಾಗಿಲು ತೆರೆದಿಟ್ಟು ನಾಯಿಗೆ ಬೈದಂತೆ.

ಈ ಸಲ ಮೇ ತಿಂಗಳಲ್ಲಿ ಕೊನೆಗೌಡ, ಅವನ ಅಳಿಯ ಬಂದರು. ನಾನು ಕೆಳಗೆ ಏಣಿ ಹಿಡಿದುಕೊಂಡು ಸಲಹೆ ಕೊಡುವ ಕೆಲಸ ವಹಿಸಿಕೊಂಡೆ. ಒಂದು ಹನಿ ನೀರು ಬೇಕಾಗಲಿಲ್ಲ. ಬಿಸಿಲಿಗೆ ಒಣಗಿ ಕಪ್ಪಾಗಿದ್ದ ಪಾಚಿ ತೆಂಗಿನ ಕಡ್ಡಿಯ ಹಿಡಿ ತಗುಲಿಸಿದರೆ ಪಳಗಿದ ಕಾವಲಿಯಿಂದ ದೋಸೆ ಎದ್ದಂತೆ ಏಳುತ್ತಿತ್ತು. ಗೀರು, ದೋಣಿ, ಅಂಚು ಇಷ್ಟನ್ನೇ ಗುಡಿಸಿದರು, ಬೆನ್ನಿನದನ್ನು ಹಾಗೇ ಬಿಟ್ಟರು. ಅಣ್ಣನ ಕೋಣೆಯ ಕಿಟಕಿ ತೆರೆಸಿದೆ. ಕೆಳಗೆ ಬಿದ್ದದ್ದನ್ನು ನನ್ನಾಕೆ ಬುಟ್ಟಿಗೆ ತುಂಬಿಸಿ ಆಂಥೂರಿಯಂ ಕುಂಡಗಳಿಗೆ ಹಾಕಿಕೊಂಡಳು. ನಾಲ್ಕು ಬುಟ್ಟಿ ಆಯಿತು. ಕೊಯ್ಲಿನ ಮಾತು ಮತ್ತೆ ಎತ್ತಲಿಲ್ಲ.

ಒಡೆದ ಹೆಂಚುಗಳನ್ನು ಅಂಗಳದಲ್ಲಿ ಸಾಲಾಗಿ ಇಟ್ಟು ಪಂಚನಾಮೆ ಮಾಡಿದೆವು. ಒಟ್ಟು 61. ಅದರಲ್ಲಿ ಮಂಗಗಳು ಹಲಸಿನ ಮರದಿಂದ ಹಾರಿ ಒಡೆದದ್ದು 40. ಟೊಂಗೆ, ತೆಂಗಿನಕಾಯಿ ಬಿದ್ದು ಒಡೆದದ್ದು 9. ಕೈಯಾಡಿಸುವಾಗ ಕೊನೆಗೌಡನ ಅಳಿಯನ ಕಾಲಡಿಗೆ ಒಡೆದದ್ದು 11. ಉಳಿದ ಒಂದು ಯಾಕೆ ಒಡೆಯಿತೆಂದು ಯಾರಿಗೂ ಬಗೆಹರಿಯಲಿಲ್ಲ. ಬೇಕಾದರೆ ಅದನ್ನು ಪಾಚಿಯ ಲೆಕ್ಕಕ್ಕೆ ಬರೆಯಿರಿ.

ಸದ್ಯಕ್ಕೆ ಆ 61 ಜಾಗಕ್ಕೆ ನೀಲಿ ಪ್ಲಾಸ್ಟಿಕ್ ಹೊದೆಸಿದ್ದೇನೆ. ನಿಮ್ಮ ಕಡೆ ಯಾರಾದರೂ ಹಳೆ ಮನೆ ಕೆಡವಿ ತಾರಸಿ ಕಟ್ಟಿಸುತ್ತಿದ್ದರೆ, ಒಳಮೈ ಮೇಲೆ ಬಾಸೆಲ್ ಮಿಶನ್ ಎಂದು ಉಬ್ಬಿದ ಹೆಂಚು ಅವರಲ್ಲಿದ್ದರೆ, ದಯವಿಟ್ಟು ತಿಳಿಸಿ. ತಟ್ಟಿದರೆ ಠಣ್ ಎನ್ನಬೇಕು. ಪಾಚಿ ಇದ್ದರೆ ಅಡ್ಡಿಯಿಲ್ಲ.